ಎಣ್ಣೆಯಲ್ಲಿ ಜಾರಿ ಬಿದ್ದವನು

ನಮ್ಮ ಗ್ಯಾಂಗಿನ ಮೇಸ್ತ್ರಿ ಹ್ವೆ ಚಿಕ್ಕಪ್ಪನ ಕೊರಳಲ್ಲಿದ್ದ ಸೀಟಿಗೆ ಸಂಚಕಾರ ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಕಚೇರಿಯ ಕಿಯೆನ್ ಸಾಹೇಬರು ಕ್ಯಾಂಟೀನಿನ ಗೋಡೆಗೆ ಒಂದು ಕಾಗದ ಅಂಟಿಸಿ, ಯಾರ ಮುಖವನ್ನೂ ನೋಡದೆ ಹೊರಟುಹೋದರು. ನಮ್ಮ ಹಡಗು ರಿಪೇರಿ ಯಾರ್ಡಿಗೆ ಈಗ ಹೊರದೇಶದ ಹಡಗುಗಳೇ ಹೆಚ್ಚು. ಇನ್ನು ಮುಂದೆ ಅಪಘಾತವಾದರೆ ಆಯಾ ಗ್ಯಾಂಗಿನ ಮೇಸ್ತ್ರಿಯೇ ಇಂಗ್ಲಿಷಿನಲ್ಲಿ ವರದಿ ಬರೆಯಬೇಕು. ಎರಡು ತಿಂಗಳ ನಂತರ ಪರೀಕ್ಷೆ. ನಪಾಸಾದವನು ಸೀಟಿ ವಾಪಸು ಕೊಟ್ಟು ಸಾಮಾನು ಕೋಣೆಗೋ ತುಕ್ಕು ಕೆರೆಯುವುದಕ್ಕೋ ಹೋಗಬೇಕು.

ಚಿಕ್ಕಪ್ಪ ಆ ಕಾಗದವನ್ನು ಎರಡು ಸಲ ಓದಿದರು. ಆಮೇಲೆ ಬಂದು ಕೂತು, ಅನ್ನದ ಬಟ್ಟಲನ್ನು ಬಾಯಿಯ ಹತ್ತಿರ ಹಿಡಿದುಕೊಂಡು, ಏನೂ ಆಗಿಲ್ಲವೆಂಬಂತೆ ಊಟ ಮುಗಿಸಿದರು. ನನಗೆ ಮೈಯೆಲ್ಲ ಉರಿಯಿತು.

"ಇಪ್ಪತ್ತೆರಡು ವರ್ಷ ಸೀಟಿ ಊದಿದೀರಿ. ಯಾವ ಇಂಗ್ಲಿಷಲ್ಲಿ ಊದಿದ್ರಿ? ಹೋಗಿ ಕೇಳಿ ಆ ಕಿಯೆನ್‌ನ!" ಎಂದೆ.

"ಕೂಗಬೇಡ ಮಗ. ಚಿಕ್ಕಪ್ಪ ಕಲೀತಾನೆ," ಎಂದರು, ತಮ್ಮ ಬಗ್ಗೆಯೇ.

ನಮ್ಮ ನಡುವೆ ರಕ್ತಸಂಬಂಧವೇನಿಲ್ಲ. ಒಂಬತ್ತನೇ ಕ್ಲಾಸು ಬಿಟ್ಟು ಯಾರ್ಡಿಗೆ ಬಂದಾಗ ನನಗೆ ಹದಿನಾರು. ಸರಪಳಿಗೆ ಕೊಂಡಿ ಹಾಕುವುದರಿಂದ ಹಿಡಿದು ಕ್ರೇನಿನ ಕೆಳಗೆ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂಬುದರವರೆಗೆ ಎಲ್ಲವನ್ನೂ ಹೇಳಿಕೊಟ್ಟವರು ಅವರು. ಸೀಟಿಯ ಕೆಲಸ ಸಣ್ಣದಲ್ಲ. ಕ್ರೇನಿನವನು ಎಲ್ಲೋ ಮೇಲೆ ಕೂತಿರುತ್ತಾನೆ. ಹಡಗಿನ ಹೊಟ್ಟೆಯ ಕೆಳಗೆ ಏನಿದೆ, ಯಾರಿದ್ದಾರೆ ಎಂದು ಅವನಿಗೆ ಕಾಣುವುದಿಲ್ಲ. ಮೇಸ್ತ್ರಿಯ ಕಣ್ಣೇ ಅವನ ಕಣ್ಣು. ಎರಡು ಗಿಡ್ಡ ಸೀಟಿ ಕೇಳಿದರೆ ಎತ್ತುತ್ತಾನೆ, ಒಂದು ಉದ್ದ ಸೀಟಿ ಕೇಳಿದರೆ ಇಳಿಸುತ್ತಾನೆ. ಹತ್ತು ಟನ್ ಉಕ್ಕು ಒಬ್ಬ ಮನುಷ್ಯನ ಉಸಿರಿನ ಮೇಲೆ ನಿಂತಿರುತ್ತದೆ.

ನನ್ನ ಎಡಗೈಯಲ್ಲಿ ಮೂರೇ ಬೆರಳು. ಮೂರು ವರ್ಷದ ಹಿಂದೆ ಎರಡನೇ ಡಾಕಿನಲ್ಲಿ, ಇಳಿಯುತ್ತಿದ್ದ ಉಕ್ಕಿನ ಹಲಗೆಯ ಕೆಳಗೆ ಮರದ ದಿಮ್ಮಿ ಸರಿಪಡಿಸುವಾಗ ಕಿರುಬೆರಳೂ ಅದರ ಪಕ್ಕದ ಬೆರಳೂ ಹೋದವು. ವರದಿಯಲ್ಲಿ ಕೆಲಸಗಾರನ ಸ್ವಂತ ಅಜಾಗರೂಕತೆ ಎಂದಿತ್ತು. ಆಸ್ಪತ್ರೆಯ ಮಂಚದ ಮೇಲೆ ಬಲಗೈಯಲ್ಲಿ ಸಹಿ ಹಾಕಿದೆ. ಕೈ ತೆಗೆಯಬೇಕಿತ್ತು, ತೆಗೆಯಲಿಲ್ಲ. ಸೀಟಿ ಕೇಳಿಸಿಕೊಳ್ಳಬೇಕಿತ್ತು, ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ಹಾಗೆಂದರು, ನಾನೂ ನಂಬಿದೆ. ಆವತ್ತಿನಿಂದ ನನಗೆ ಜಗತ್ತಿನ ಮೇಲೆಲ್ಲ ಸಿಟ್ಟು, ಮೊದಲಿಗೆ ನನ್ನ ಮೇಲೆ.

ಆವತ್ತು ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಗೇಟಿನವರೆಗೆ ಓಡಿದವರು ಹ್ವೆ ಚಿಕ್ಕಪ್ಪ. ಆಮೇಲಿನ ಒಂದೇ ಒಂದು ಭಾನುವಾರವೂ ಅವರ ಮನೆಯ ಊಟ ನನಗೆ ತಪ್ಪಿರಲಿಲ್ಲ. ಚಿಕ್ಕಮ್ಮ ಏಡಿ ಸಾರಿನಲ್ಲಿ ಕೆಂಪು ನೂಡಲ್ಸ್ ಮಾಡಿ, ದೊಡ್ಡ ಬಟ್ಟಲನ್ನು ನನ್ನ ಮುಂದೆಯೇ ಇಡುತ್ತಿದ್ದರು.

ಇನ್ನೊಂದು ವಿಷಯ. ಅದೇ ವಾರ ಚಿಕ್ಕಪ್ಪ ಹೊಗೆಸೊಪ್ಪು ಬಿಟ್ಟರು. ನಮ್ಮ ಕಡೆ ಬಿದಿರ ಕೊಳವೆಯಲ್ಲಿ ನೀರು ಹಾಕಿ ಸೇದುವ ಹೊಗೆಸೊಪ್ಪು ಎಂದರೆ ತಮಾಷೆಯಲ್ಲ. ಒಂದು ದಮ್ಮು ಎಳೆದರೆ ಸಾಕು, ನಾಲ್ಕೈದು ಉಸಿರಿನ ಹೊತ್ತು ತಲೆ ಗಿರ್ರೆಂದು ತಿರುಗುತ್ತದೆ, ಮುಂದಿದ್ದದ್ದು ತೇಲಿಹೋಗುತ್ತದೆ. ಬಲ್ಲವರು ಕೂತು ಸೇದಿ, ತಲೆ ನಿಂತ ಮೇಲೆಯೇ ಏಳುತ್ತಾರೆ. ಮೂವತ್ತು ವರ್ಷ ಸೇದಿದವರು ಒಂದೇ ದಿನಕ್ಕೆ ಬಿಟ್ಟದ್ದು ಯಾರ್ಡಿಗೆಲ್ಲ ಸೋಜಿಗವಾಗಿತ್ತು. ಮೂರನೇ ಗ್ಯಾಂಗಿನ ಮೇಸ್ತ್ರಿ ಬಾಂಗ್ ಅಣ್ಣ, ಊಟವಾದ ಮೇಲೆ ಕೊಳವೆ ಗುಳುಗುಳು ಎನ್ನಿಸುವಾಗ ತಪ್ಪದೆ ಕೆಣಕುತ್ತಿದ್ದ: "ಬರ್ರಿ ಸ್ವಾಮಿಗಳೇ, ವಾಸನೆಯಾದ್ರೂ ತಗೊಳ್ಳಿ. ವಾಸನೆಗೆ ಪಾಪ ಇಲ್ಲ." ನಾನೂ ಕಿಸಿಕಿಸಿ ನಗುತ್ತಿದ್ದೆ. ಚಿಕ್ಕಪ್ಪ ತಣ್ಣನೆಯ ಚಹಾ ಕುಡಿಯುತ್ತಿದ್ದರು.

ಇಂಗ್ಲಿಷ್ ತರಗತಿ ವಾರಕ್ಕೆ ಮೂರು ಸಂಜೆ, ಪಾಳಿ ಮುಗಿದ ಕೂಡಲೇ, ಕ್ಯಾಂಟೀನಿನ ಮಾಳಿಗೆಯಲ್ಲಿ. ಕಿಟಕಿಯ ಆಚೆ ಕಾಮ್ ನದಿ, ಈಚೆ ಎಣ್ಣೆ ಮೆತ್ತಿದ ಬಟ್ಟೆಯ ಹನ್ನೊಂದು ಮೇಸ್ತ್ರಿಗಳು. ಒಬ್ಬರೇ ಹೋಗಲು ನಾಚಿಕೆಯೆಂದು ಚಿಕ್ಕಪ್ಪ ನನ್ನನ್ನೂ ಎಳೆದುಕೊಂಡು ಹೋದರು. ಹೇಳಿಕೊಡಲು ಬಂದವಳು ಜಿಯೆಪ್, ಇಪ್ಪತ್ತೇಳು ವರ್ಷದ ಹುಡುಗಿ. ಅವಳ ಅಪ್ಪನಿಗಿಂತ ದೊಡ್ಡವರೂ ಅವಳನ್ನು ಟೀಚರಮ್ಮ ಎಂದು ಕೈಕಟ್ಟಿಕೊಂಡು ಕರೆಯುತ್ತಿದ್ದರು. ಅವಳು ಅವರನ್ನು ಚಿಕ್ಕಪ್ಪ, ದೊಡ್ಡಪ್ಪ ಎಂದೇ ಕರೆದು ಬೈಯುತ್ತಿದ್ದಳು.

ಮೊದಲ ಮೂರು ವಾರ ಹೇಗೋ ನಡೆಯಿತು. ಹಡಗು, ಹಗ್ಗ, ಬಿದ್ದ, ಮುರಿಯಿತು. ಆಮೇಲೆ ಆ ದರಿದ್ರ ಬಾಲ ಬಂತು.

"ಕೆಲಸ ಎರಡು, ಮಾಡೋನು ಒಬ್ಬನೇ," ಎಂದು ಜಿಯೆಪ್ ಬೋರ್ಡಿನ ಮೇಲೆ ಬರೆದಳು. "ಹಾಗಿದ್ದಾಗ ಮೊದಲನೇ ಕೆಲಸದಿಂದ ಮಾಡೋನ ಹೆಸರು ತೆಗೆದು ಹಾಕಿ. ಕ್ರಿಯೆಗೆ 'ಇಂಗ್' ಅಂತ ಬಾಲ ಹಚ್ಚಿ. ಎರಡೂ ಸೇರಿ ಒಂದೇ ವಾಕ್ಯ ಆಗುತ್ತೆ. ಪರೀಕ್ಷೇಲಿ ಇಂಥ ವಾಕ್ಯಕ್ಕೇ ಹೆಚ್ಚು ಅಂಕ."

"ಹೆಸರು ಯಾಕೆ ತೆಗೀಬೇಕು ಟೀಚರಮ್ಮ? ಪಾಪ, ಅವನೇನು ತಪ್ಪು ಮಾಡಿದ?" ಬಾಂಗ್ ಅಣ್ಣ ಕೇಳಿದ.

"ತಪ್ಪು ಮಾಡಿಲ್ಲ ದೊಡ್ಡಪ್ಪ. ಮುಂದೆ ಬರ್ತಾನಲ್ಲ, ಅದಕ್ಕೆ."

"ಮುಂದೆ ಬರೋವರೆಗೂ ಎಲ್ಲಿರ್ತಾನೆ? ಬೀರು ಅಂಗಡೀಲಾ?"

ಇಡೀ ಮಾಳಿಗೆ ನಕ್ಕಿತು. ಚಿಕ್ಕಪ್ಪ ಮಾತ್ರ ನಗಲಿಲ್ಲ. ಅವರ ಸರದಿ ಬಂದಾಗ, ಬೋರ್ಡಿನ ಮುಂದೆ ಸುಣ್ಣದ ಕಡ್ಡಿಯನ್ನು ವೆಲ್ಡಿಂಗ್ ಕಡ್ಡಿಯ ಹಾಗೆ ಹಿಡಿದು ಬರೆದರು: ಡಾಕಿನಲ್ಲಿ ಕೆಲಸ ಮಾಡುತ್ತಾ, ಹಗ್ಗ ತುಂಡಾಯಿತು.

"ಡಾಕಲ್ಲಿ ಕೆಲಸ ಮಾಡ್ತಿದ್ದಿದ್ದು ಯಾರು ಚಿಕ್ಕಪ್ಪ?"

"ನಾವು."

"ಇಲ್ಲಿ ನೀವಿಲ್ಲ. ಇಲ್ಲಿ ಕೆಲಸ ಮಾಡ್ತಿರೋದು ಹಗ್ಗ."

"ಮಾಡ್ಲಿ ಬಿಡಿ ಟೀಚರಮ್ಮ," ಬಾಂಗ್ ಅಣ್ಣ ಹಿಂದಿನಿಂದ ಕೂಗಿದ. "ಅವರ ಗ್ಯಾಂಗಲ್ಲಿ ಮೈ ಬಗ್ಗಿಸಿ ದುಡಿಯೋದು ಅದೊಂದೇ."

ತಪ್ಪು ಅವರದಲ್ಲ ಎಂದು ನನಗೆ ಅನ್ನಿಸುತ್ತಿತ್ತು. ನಮ್ಮ ಮಾತಿನಲ್ಲಿ ಕ್ರಿಯೆಗೆ ಬಾಲವಿಲ್ಲ, ಕೊಂಬಿಲ್ಲ. ನಿನ್ನೆ ಹೋದರೂ, ಈಗ ಹೋಗುತ್ತಿದ್ದರೂ, ನಾಳೆ ಹೋಗುವುದಿದ್ದರೂ ಶಬ್ದ ಒಂದೇ, ಒಂದಕ್ಷರ ಅಲುಗುವುದಿಲ್ಲ. ಮೂರು ಕೆಲಸ ನಡೆದರೆ ನಡೆದ ಕ್ರಮದಲ್ಲೇ ಮೂರನ್ನೂ ಸಾಲಾಗಿ ನಿಲ್ಲಿಸುತ್ತೇವೆ. ಬಾಲದಿಂದ ಬಾಲಕ್ಕೆ ಗಂಟು ಹಾಕುವ ಉಸಾಬರಿ ನಮಗಿಲ್ಲ. ಇನ್ನೊಂದು ಬಾಲ ಬಂತು, 'ಎಡ್'. ಹೊಡೆಸಿಕೊಂಡವನಿಗೂ ಅದೇ, ಹೊಗಳಿಸಿಕೊಂಡವನಿಗೂ ಅದೇ. ನಮ್ಮಲ್ಲಿ ಹಾಗಲ್ಲ, ಕೆಟ್ಟದ್ದು ಮೈಮೇಲೆ ಬಿದ್ದರೆ ಅದಕ್ಕೊಂದು ಮಾತು, ಒಳ್ಳೆಯದು ಕೈಗೆ ಸಿಕ್ಕರೆ ಅದಕ್ಕೆ ಬೇರೆಯೇ ಮಾತು. ಆದದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಮೊದಲು ಹೇಳಿ, ಆಮೇಲೆ ಏನಾಯಿತು ಎನ್ನುತ್ತೇವೆ. "ಇದರಲ್ಲಿ ಅವನಿಗೆ ನೋವಾಯ್ತೋ ಇಲ್ವೋ ಅಂತ ಹೇಗೆ ಗೊತ್ತಾಗುತ್ತೆ?" ಎಂದು ಚಿಕ್ಕಪ್ಪ ಜಿಯೆಪ್‌ಳನ್ನು ಕೇಳಿದರು.

ಎಲ್ಲಕ್ಕಿಂತ ಅವರನ್ನು ಕಾಡಿದ್ದು ಇಂಗ್ಲಿಷಿನ ಒಂಟಿ 'ನಾನು'. ನಮ್ಮಲ್ಲಿ ಹತ್ತಿರದವರ ಜೊತೆ ಬರೀ ನಾನು ಎನ್ನುವುದಿಲ್ಲ. ಅಪ್ಪನ ಮುಂದೆ ಮಗ, ತಂಗಿಯ ಮುಂದೆ ಅಣ್ಣ. ಹ್ವೆ ಚಿಕ್ಕಪ್ಪ ನನ್ನ ಮುಂದೆ ತಮ್ಮನ್ನು ತಾವು ಕರೆದುಕೊಳ್ಳುವುದು ಚಿಕ್ಕಪ್ಪ ಎಂದೇ. "ಇವರ ನಾನು ಯಾರಿಗೂ ಏನೂ ಆಗಬೇಕಿಲ್ಲ ಮಗ. ಬಯಲಲ್ಲಿ ನೆಟ್ಟ ಗೂಟದ ಹಾಗೆ ಒಂದೇ ನಿಂತಿರುತ್ತೆ," ಎಂದು ಒಂದು ಸಂಜೆ ಸೈಕಲ್ ತಳ್ಳುತ್ತ ಹೇಳಿದರು.

ಪರೀಕ್ಷೆಗೆ ಎರಡು ವಾರ ಉಳಿದಾಗ ಜಿಯೆಪ್ ಕೈಚೆಲ್ಲಿದಳು. ಎಲ್ಲರಿಗೂ ಒಂದೊಂದು ಹಾಳೆ ಹಂಚಿದಳು. ಅದು ಮಾದರಿ ಪ್ರಬಂಧ.

"ಬೇರೆ ದಾರಿ ಇಲ್ಲ. ಇದರಲ್ಲಿ ಆರು ಬಾಲ ಇವೆ. ಒಂದಕ್ಷರ ಬಿಡದೆ ಬಾಯಿಪಾಠ ಮಾಡಿ. ಯಾವ ಪ್ರಶ್ನೆ ಬಂದ್ರೂ ಇದನ್ನೇ ಬರೀರಿ," ಎಂದಳು.

ಹನ್ನೊಂದು ಮುಖಗಳೂ ಅರಳಿದವು. ಇದು ಅವರಿಗೆ ಗೊತ್ತಿದ್ದ ವಿದ್ಯೆ. ನಮ್ಮ ದೇಶದಲ್ಲಿ ಶಾಲೆಗೆ ಹೋದವರೆಲ್ಲ ಮಾದರಿ ನುಂಗಿಯೇ ದೊಡ್ಡವರಾದವರು. ನಾನು ಮಾತ್ರ ಹಾಳೆಯನ್ನು ಮುದ್ದೆ ಮಾಡಿ ಜೇಬಿಗೆ ತುರುಕಿದೆ.

ನನಗೆ ಮಾದರಿಯ ಮೇಲೆ ಹಳೆಯ ದ್ವೇಷ. ಒಂಬತ್ತನೇ ಕ್ಲಾಸಿನಲ್ಲಿ 'ನಿಮ್ಮ ಅಜ್ಜಿಯ ಬಗ್ಗೆ ಬರೆಯಿರಿ' ಎಂದರು. ಮಾದರಿಯ ಅಜ್ಜಿಗೆ ರೇಷ್ಮೆಯಂಥ ಬಿಳಿ ಕೂದಲು, ದಯೆ ತುಂಬಿದ ಕಣ್ಣು, ರಾತ್ರಿಯೆಲ್ಲ ಕಥೆ. ನಮ್ಮಜ್ಜಿಗೆ ಜ್ವರ ಬಂದು ಅರ್ಧ ತಲೆ ಬೋಳಾಗಿತ್ತು. ಮೀನು ಮಾರುಕಟ್ಟೆಯಲ್ಲಿ ಅವಳು ಬೈಯಲು ನಿಂತರೆ ಮೂರು ಸಾಲು ಅಂಗಡಿ ಮೌನವಾಗುತ್ತಿದ್ದವು. ಅದನ್ನೇ ಬರೆದೆ. ಹತ್ತಕ್ಕೆ ಮೂರು ಅಂಕ ಬಂತು. ಮೇಷ್ಟ್ರು ಎದ್ದು ನಿಂತು ಓದಿ ತರಗತಿಯನ್ನೆಲ್ಲ ನಗಿಸಿದರು. ಹಾಳೆ ಕಸಿದುಕೊಂಡು ಹೊರಗೆ ಬಂದೆ, ಮತ್ತೆ ಒಳಗೆ ಹೋಗಲಿಲ್ಲ. ನಲವತ್ತು ಮಕ್ಕಳಿಗೆ ಒಂದೇ ಅಜ್ಜಿ ಇರುವ ಶಾಲೆಯಲ್ಲಿ ನನಗೇನು ಕೆಲಸ?

"ಸ್ವಂತದ್ದು ಬರೀರಿ ಚಿಕ್ಕಪ್ಪ," ಎಂದು ಗೋಗರೆದೆ. "ಸಣ್ಣ ಸಣ್ಣ ವಾಕ್ಯ ಸಾಕು. ಎಷ್ಟು ಅಪಘಾತ ನೋಡಿಲ್ಲ ನೀವು!"

ಅವರ ಮುಖ ಒಂದು ಕ್ಷಣ ಬೇರೆಯಾಯಿತು. "ಚಿಕ್ಕಪ್ಪ ಕಂಡಿದ್ದು ಯಾರಿಗೆ ಬೇಕು ಮಗ? ಟೀಚರಮ್ಮ ಬರೆದಿದ್ದು ಚೆನ್ನಾಗಿದೆ. ತಿದ್ದೋ ಹಾಗಿಲ್ಲ."

"ಸುಳ್ಳು ಅದು!"

"ಸುಳ್ಳೇ. ಆದ್ರೆ ಯಾರಿಗೂ ಏಟಾಗದ ಸುಳ್ಳು," ಎಂದು ಹಾಳೆಯನ್ನು ಮಡಚಿ ಟೋಪಿಯೊಳಗೆ ಇಟ್ಟುಕೊಂಡರು.

ಎರಡು ವಾರ ಯಾರ್ಡೆಲ್ಲ ಆ ಮಾದರಿಯದ್ದೇ ಜಪ. ಸುತ್ತಿಗೆ ಏಟಿಗೊಂದು ಶಬ್ದ, ಮೆಟ್ಟಿಲಿಗೊಂದು ವಾಕ್ಯ. *ಡೆಕ್ಕಿನ ಮೇಲೆ ನಡೆಯುತ್ತಾ, ಚೆಲ್ಲಿದ ಎಣ್ಣೆಯನ್ನು ನಾನು ಗಮನಿಸಿದೆನು. ಭಾರವಾದ ಪೈಪನ್ನು ಹೊತ್ತು ಬರುತ್ತಾ, ಎಣ್ಣೆಯನ್ನು ಕಾಣದೆ, ನನ್ನ ಸಹೋದ್ಯೋಗಿಯು ಜಾರಿ ಬಿದ್ದು ಬಲಗಾಲನ್ನು ಮುರಿದುಕೊಂಡನು. ಅವನ ಕೂಗನ್ನು ಕೇಳಿ, ನಾನು ಓಡಿದೆನು.* ಅರ್ಥ ಗೊತ್ತಿಲ್ಲದ ಅಡುಗೆಯವಳೂ ಅನ್ನ ಬಡಿಸುತ್ತ ಅದನ್ನು ಗುನುಗತೊಡಗಿದ್ದಳು.

ಪರೀಕ್ಷೆಯ ದಿನ ಪ್ರಶ್ನೆ ಒಂದೇ ಇತ್ತು: ನೀವು ಕಣ್ಣಾರೆ ಕಂಡ ಒಂದು ಅಪಘಾತವನ್ನು ವಿವರಿಸಿ. ಹನ್ನೊಂದು ಪೆನ್ನುಗಳು ಒಟ್ಟಿಗೆ ಹೊರಟವು. ಮೇಸ್ತ್ರಿಯಲ್ಲದವರೂ ಕೂರಬಹುದು ಎಂದಿದ್ದರಿಂದ ನಾನೂ ಕೂತಿದ್ದೆ. ನಾನು ನನ್ನ ಬೆರಳಿನ ಕಥೆ ಬರೆದೆ. ಬಾಲವಿಲ್ಲದ ಹತ್ತು ವಾಕ್ಯ.

ನಾಲ್ಕು ದಿನದ ಮೇಲೆ ಹನ್ನೆರಡೂ ಜನರನ್ನು ಮಾಳಿಗೆಗೆ ಕರೆದರು. ಹಡಗಿನ ಮಾಲೀಕರ ಕಡೆಯ ಸುರಕ್ಷತಾ ಅಧಿಕಾರಿ ಮಾರಿಟ್ ಎಂಬ ಎತ್ತರದ ಹೆಂಗಸು ಬಂದಿದ್ದಳು. ಅವಳ ಪಕ್ಕದಲ್ಲಿ ಕಿಯೆನ್ ಸಾಹೇಬರು ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ತರ್ಜುಮೆಗೆ ಜಿಯೆಪ್ ನಿಂತಿದ್ದಳು.

ಮಾರಿಟ್ ಕಾಗದದ ಕಟ್ಟನ್ನು ಮೇಜಿನ ಮೇಲಿಟ್ಟು ಮಾತಾಡಿದಳು. ಜಿಯೆಪ್ ಒಂದೊಂದಾಗಿ ಹೇಳುತ್ತಾ ಹೋದಳು.

"ಹನ್ನೊಂದು ಮೇಸ್ತ್ರಿಗಳು ಒಂದೇ ಅಪಘಾತ ಕಂಡಿದೀರಿ. ಎಣ್ಣೆ ಚೆಲ್ಲಿತ್ತು, ಒಬ್ಬ ಮನುಷ್ಯ ಜಾರಿ ಕಾಲು ಮುರ್ಕೊಂಡ. ಯಾರ್ಡಿನ ದಾಖಲೆಯಲ್ಲಿ ಇದು ಇಲ್ಲ. ಯಾಕೆ ಮುಚ್ಚಿಟ್ರಿ ಅಂತ ಕೇಳ್ತಿದಾರೆ."

ಮಾರಿಟ್ ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟಳು.

"ಹತ್ತು ಜನ ಬಲಗಾಲು ಅಂತ ಬರೆದಿದಾರೆ, ಒಬ್ಬರು ಎಡಗಾಲು ಅಂತ. ಕಾಲು ಮುರಿದವರು ಇಬ್ಬರಾ ಅಂತ ಕೇಳ್ತಿದಾರೆ."

ಬಾಂಗ್ ಅಣ್ಣ ತಲೆ ಬಗ್ಗಿಸಿದ. "ಎಲ್ಲಾ ಒಂದೇ ಥರ ಇದ್ರೆ ಅನುಮಾನ ಬರುತ್ತೆ ಅಂತ ನಾನೇ ಬದಲಾಯಿಸಿದೆ," ಎಂದು ನನ್ನ ಕಿವಿಯಲ್ಲಿ ಉಸುರಿದ. "ಯಾರಾದ್ರೂ ಈಗಿಂದೀಗ ಒಂದು ಕಾಲು ಮುರ್ಕೊಳ್ರೋ, ಎಲ್ಲಾ ಉಳ್ಕೋತೀವಿ."

ನಗು ಬಂತು, ಸಿಟ್ಟೂ ಬಂತು. ಹುಟ್ಟದೇ ಇರುವ ಮನುಷ್ಯನ ಕಾಲಿಗಾಗಿ ಇಷ್ಟು ಹುಡುಕಾಟ!

ಜಿಯೆಪ್ ಆಗ ತರ್ಜುಮೆ ಬಿಟ್ಟು ತಾನೇ ಮಾತಾಡಿದಳು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ನಮ್ಮತ್ತ ತಿರುಗಿ. "ಆ ಎಣ್ಣೆ ಚೆಲ್ಲಿದ್ದು ನಾನು ಅಂತ ಹೇಳಿದೆ. ನಾನು ಬರೆದುಕೊಟ್ಟೆ, ಇವರು ಬಾಯಿಪಾಠ ಮಾಡಿದ್ರು, ಆ ಮನುಷ್ಯ ಇಲ್ಲವೇ ಇಲ್ಲ ಅಂತ ಹೇಳಿದೆ."

ಮಾರಿಟ್ ಅವಳನ್ನೇ ನೋಡಿದಳು. ಇಲ್ಲವೆಂದು ತಲೆಯಾಡಿಸಿದಳು. ಕಿಯೆನ್ ಸಾಹೇಬರತ್ತ ನೋಡಿ ಏನೋ ಖಾರವಾಗಿ ಅಂದಳು.

"ನಂಬಲ್ವಂತೆ," ಎಂದಳು ಜಿಯೆಪ್. "ಹನ್ನೊಂದು ಜನ ಬೆಳೆದ ಗಂಡಸರು ಯಾರೋ ಬರೆದಿದ್ದನ್ನ ತಾವು ಕಂಡಿದ್ದು ಅಂತ ಯಾಕೆ ಬರೀತಾರೆ, ಕಂಪನಿ ನಿನ್ನ ಬಾಯಲ್ಲಿ ಹೀಗೆ ಹೇಳಿಸ್ತಿದೆಯಾ ಅಂತಾರೆ."

ಅದು ಮಾರಿಟ್‌ಗೆ ಅರ್ಥವಾಗುವ ಹಾಗೆ ಹೇಳಬಲ್ಲವರು ಆ ಕೋಣೆಯಲ್ಲಿ ಯಾರಿದ್ದರು? ನಮಗೆಲ್ಲ ಅದು ಅನ್ನ ತಿಂದಷ್ಟು ಸಹಜ.

ಮಾರಿಟ್ ಕಟ್ಟಿನಿಂದ ಒಂದು ಹಾಳೆ ಎಳೆದಳು. ನನ್ನ ಅಕ್ಷರ. "ಈ ತೊವಾನ್ ಒಬ್ಬ ತನಗಾದದ್ದನ್ನೇ ಬರೆದಿದಾನೆ," ಎಂದು ಜಿಯೆಪ್‌ಳ ಬಾಯಿಂದ ಬಂತು. "ಇದು ದಾಖಲೇಲಿದೆ, ಹೊಂದುತ್ತೆ. ಇವನಿಗೆ ಬರೆಯೋಕೆ ಬರುತ್ತೆ ಅಂದ್ಮೇಲೆ ನಿಮಗೂ ಬರುತ್ತೆ." ಆಮೇಲೆ ಮಾರಿಟ್ ನಿಧಾನವಾಗಿ ನನ್ನ ಹತ್ತು ವಾಕ್ಯ ಓದಿದಳು. ಅಷ್ಟು ಬಡ ಇಂಗ್ಲಿಷು ಎಲ್ಲರಿಗೂ ಅರ್ಥವಾಯಿತು.

ನಾನು ಹಲಗೆಯ ಕೆಳಗೆ ದಿಮ್ಮಿ ಇಟ್ಟೆ. ಸೀಟಿ ಊದಿತು. ನಾನು ಕೇಳಲಿಲ್ಲ. ನಾನು ಕೈ ತೆಗೆಯಲಿಲ್ಲ. ನನ್ನ ಎರಡು ಬೆರಳು ಹೋದವು. ತಪ್ಪು ನನ್ನದು. ಹ್ವೆ ಚಿಕ್ಕಪ್ಪ ನನ್ನನ್ನು ಹೊತ್ತರು. ಅವರು ಗೇಟಿನವರೆಗೆ ಓಡಿದರು. ಅವರ ಅಂಗಿ ಹಾಳಾಯಿತು. ಅವರು ಒಳ್ಳೆಯ ಮನುಷ್ಯ.

ಕೊನೆಯ ವಾಕ್ಯ ಮುಗಿಯುವಷ್ಟರಲ್ಲಿ ಕುರ್ಚಿ ಸರಿದ ಸದ್ದಾಯಿತು. ಹ್ವೆ ಚಿಕ್ಕಪ್ಪ ಎದ್ದು ನಿಂತಿದ್ದರು. ಕೊರಳಲ್ಲಿ ಸೀಟಿ ತೂಗುತ್ತಿತ್ತು.

"ಅದು," ಎಂದು ಹಾಳೆಯತ್ತ ಬೆರಳು ತೋರಿಸಿದರು. ಇಂಗ್ಲಿಷಿನಲ್ಲಿಯೇ. "ಅದೂ ನಿಜ ಅಲ್ಲ."

"ಹ್ವೆ ಅಣ್ಣ, ಕೂತ್ಕೊಳ್ಳಿ," ಕಿಯೆನ್ ಸಾಹೇಬರು ಹಲ್ಲು ಕಚ್ಚಿಕೊಂಡು ನಮ್ಮ ಭಾಷೆಯಲ್ಲಿ ಹೇಳಿದರು. "ನಿಮಗೆ ಇಂಗ್ಲಿಷ್ ಬರಲ್ಲ. ಹೇಳೋದಿದ್ರೆ ನನಗೆ ಹೇಳಿ, ನಾನು ಹೇಳ್ತೀನಿ."

ಚಿಕ್ಕಪ್ಪ ಅವರತ್ತ ನೋಡಲೂ ಇಲ್ಲ. ಒಂದೊಂದು ಶಬ್ದವನ್ನೂ ಭಾರ ಎತ್ತಿದಂತೆ ಎತ್ತಿ ಇಟ್ಟರು.

"ಎರಡನೇ ಡಾಕು. ಬೆಳಗ್ಗೆ. ನಾನು ಕೊಳವೆ ಸೇದಿದೆ. ನಾನು ಬೇಗ ಎದ್ದೆ. ತಲೆ ತಿರುಗಿತು. ನಾನು ಕೆಳಗೆ ನೋಡಲಿಲ್ಲ. ನಾನು ಸೀಟಿ ಊದಿದೆ. ತೊವಾನ್ ಕೆಳಗೆ ಇದ್ದ. ತೊವಾನ್‌ಗೆ ಹೊತ್ತು ಇರಲಿಲ್ಲ. ತೊವಾನ್ ತಪ್ಪು ಮಾಡಲಿಲ್ಲ. ನಾನು ಮಾಡಿದೆ."

ಒಂದೂ ಬಾಲವಿರಲಿಲ್ಲ. ಯಾವುದರಲ್ಲೂ ಮಾಡಿದವನ ಹೆಸರು ಬಿಟ್ಟುಹೋಗಿರಲಿಲ್ಲ. ಮಾರಿಟ್ ಬರೆದುಕೊಳ್ಳುತ್ತಿದ್ದ ಪೆನ್ನನ್ನು ಕೆಳಗಿಟ್ಟಳು.

ಚಿಕ್ಕಪ್ಪ ನನ್ನತ್ತ ತಿರುಗಿದರು. ಈಗ ನಮ್ಮ ಭಾಷೆ. ಅದರಲ್ಲಿ ಆ ಒಂಟಿ ಗೂಟವನ್ನು ಹಿಡಿದುಕೊಂಡು ನಿಲ್ಲುವಂತಿಲ್ಲ.

"ಚಿಕ್ಕಪ್ಪ ನೋಡ್ಲಿಲ್ಲ ಮಗ," ಎಂದರು. "ಚಿಕ್ಕಪ್ಪ ನೋಡ್ದೆ ಊದ್ಬಿಟ್ಟ."

ಸ್ವಾಮಿಗಳೇ, ವಾಸನೆಯಾದರೂ ತಗೊಳ್ಳಿ. ಮೂರು ವರ್ಷ ನಾನು ಬಾಂಗ್ ಅಣ್ಣನ ಆ ಮಾತಿಗೆ ನಕ್ಕಿದ್ದೆ.

ಕುರ್ಚಿಯನ್ನು ಒದ್ದು ಹೊರಗೆ ಬಂದೆ. ಡಾಕಿನ ಅಂಚಿನವರೆಗೂ ನಡೆದೆ. ಎಡಗೈಯನ್ನು ಮುಖದ ಮುಂದೆ ಹಿಡಿದು ನೋಡಿದೆ. ಮೂರು ವರ್ಷ ಈ ಕೈಗೆ ಬೈದಿದ್ದೇನೆ. ಗೋಡೆಗೆ ಗುದ್ದಿದ್ದೇನೆ. ಹುಡುಗಿಯರ ಮುಂದೆ ಜೇಬಿನಲ್ಲಿ ಬಚ್ಚಿಟ್ಟಿದ್ದೇನೆ. ಕ್ಷಮಿಸು ಎಂದು ಕೈಗೆ ಹೇಳಬೇಕೆನ್ನಿಸಿತು. ಆದರೆ ನನ್ನ ಕೈಗೆ ನಾನು ಏನಾಗಬೇಕು, ಏನೆಂದು ಕರೆದು ಹೇಳಲಿ?

ಆ ವಾರವೇ ಅವರ ಸೀಟಿ ಹೋಯಿತು. ಪರೀಕ್ಷೆಯಲ್ಲಿ ನಪಾಸಾಗಿ ಅಲ್ಲ, ಎದ್ದು ನಿಂತು ಹೇಳಿದ ಆ ಮಾತಿಗೆ. ಹಳೆಯ ವರದಿಯನ್ನು ರದ್ದು ಮಾಡಿ ಹೊಸದು ಬರೆಸಿದರು. ಅದರಲ್ಲಿ ನನ್ನ ಅಜಾಗರೂಕತೆ ಇರಲಿಲ್ಲ. ಚಿಕ್ಕಪ್ಪನನ್ನು ಸಾಮಾನು ಕೋಣೆಗೆ ಹಾಕಿದರು. ಉಳಿದ ಹತ್ತು ಜನಕ್ಕೆ ಮರುಪರೀಕ್ಷೆಯಾಯಿತು. ಎಣ್ಣೆಯ ಕಥೆ ಕಟ್ಟಿದ್ದೆಂದು ಮಾರಿಟ್ ಕೊನೆಗೆ ನಂಬಿದ್ದು, ಕ್ಯಾಂಟೀನಿನ ಅಡುಗೆಯವಳು ಅನ್ನದ ಸೌಟು ಹಿಡಿದು ಇಡೀ ಮಾದರಿಯನ್ನು ತಪ್ಪಿಲ್ಲದೆ ಒಪ್ಪಿಸಿದ ಮೇಲೆ. ಜಿಯೆಪ್ ಉಳಿದುಕೊಂಡಳು. ಈಗ ಅವಳು ಹಾಳೆ ಹಂಚುವುದಿಲ್ಲ, "ನಿಮಗೆ ಏನಾಯ್ತು, ಅದನ್ನ ಹೇಳಿ. ಬಾಲ ಆಮೇಲೆ ನೋಡೋಣ," ಎನ್ನುತ್ತಾಳೆ.

ನಾನು ಆ ಭಾನುವಾರ ಅವರ ಮನೆಗೆ ಹೋಗಲಿಲ್ಲ. ಮುಂದಿನ ಭಾನುವಾರವೂ ಹೋಗಲಿಲ್ಲ. ಚಿಕ್ಕಮ್ಮ ನೂಡಲ್ಸನ್ನು ಡಬ್ಬಿಯಲ್ಲಿ ಹಾಕಿ ಗೇಟಿನ ಕಾವಲುಗಾರನ ಹತ್ತಿರ ಕಳಿಸಿದರು. ಡಬ್ಬಿಯನ್ನು ಹಾಗೇ ವಾಪಸು ಕಳಿಸಿದೆ. ಆಮೇಲೆ ರೂಮಿನಲ್ಲಿ ಕೂತು ಯೋಚಿಸಿದೆ. ಆ ಮೂರು ವರ್ಷದ ಊಟ ನನಗೆ ಸಿಕ್ಕಿದ್ದೋ, ನನ್ನ ಮೇಲೆ ಬಿದ್ದದ್ದೋ? ನಮ್ಮ ಭಾಷೆ ಮೊದಲು ಅದನ್ನು ಹೇಳು ಎನ್ನುತ್ತದೆ. ನನಗೆ ಹೇಳಲಾಗಲಿಲ್ಲ. ಅವರು ನನ್ನನ್ನು ಹೊತ್ತು ಓಡಿದ್ದು ಸುಳ್ಳಲ್ಲ. ಅಂಗಿ ಹಾಳಾದದ್ದು ಸುಳ್ಳಲ್ಲ. ನನಗೆ ಏಡಿ ಸಾರಿನ ದೊಡ್ಡ ಬಟ್ಟಲು ಬಂದದ್ದೂ ಸುಳ್ಳಲ್ಲ. ಕಾಗದಕ್ಕೆ ನನ್ನ ಸಹಿ ಬೀಳುವಾಗ ಅವರು ಮಂಚದ ಪಕ್ಕದಲ್ಲೇ ನಿಂತು ಸುಮ್ಮನಿದ್ದದ್ದೂ ಸುಳ್ಳಲ್ಲ.

ತಿಂಗಳಾದ ಮೇಲೆ ಗ್ಯಾಂಗಿಗೆ ಹೊಸ ಮೇಸ್ತ್ರಿ ಬೇಕಾಯಿತು. ಪರೀಕ್ಷೆಯಲ್ಲಿ ಪಾಸಾದವನು ನಮ್ಮ ಗ್ಯಾಂಗಿನಲ್ಲಿ ನಾನೊಬ್ಬನೇ. ಕಿಯೆನ್ ಸಾಹೇಬರು ಮೂಗು ಮುರಿದರು: "ಇಪ್ಪತ್ತಮೂರಕ್ಕೆ ಸೀಟಿಯಾ? ಇವನ ಸಿಟ್ಟಿಗೆ ಕ್ರೇನೇ ಬೀಳುತ್ತೆ."

"ಕೊಡಿ ಸಾಹೇಬ್ರೆ," ಬಾಂಗ್ ಅಣ್ಣ ಹೇಳಿದ. "ಎರಡು ಬೆರಳು ಕಳ್ಕೊಂಡಿದಾನೆ. ಉಳಿದೋರದ್ದು ಸರಿಯಾಗಿ ಎಣಿಸ್ತಾನೆ."

ಸೀಟಿ ಸಿಗುವುದು ಸಾಮಾನು ಕೋಣೆಯಲ್ಲೇ. ಕಿಟಕಿಯ ಹಿಂದೆ ಅವರು ನಿಂತಿದ್ದರು. ಒಂದು ತಿಂಗಳಲ್ಲಿ ಸೊರಗಿದ್ದರು. ಕಟ್ಟೆಯ ಮೇಲೆ ಎರಡು ಸೀಟಿ ಇಟ್ಟರು. ಒಂದು ತೊಳೆದು ಒರೆಸಿದ ಹಳೆಯದು, ದಾರವೂ ಹಳೆಯದು. ಇನ್ನೊಂದು ಹೊಸದು.

"ಯಾವುದಾದ್ರೂ ತಗೋ," ಎಂದರು. ಮಗ ಎನ್ನಲಿಲ್ಲ. ಚಿಕ್ಕಪ್ಪ ಎಂದೂ ಹೇಳಿಕೊಳ್ಳಲಿಲ್ಲ.

ನಾನು ಹೊಸದನ್ನು ತೆಗೆದುಕೊಂಡೆ. ಏನೂ ಮಾತಾಡಲಿಲ್ಲ. ಮಾತಾಡಬೇಕಾದರೆ ಏನೆಂದಾದರೂ ಕರೆಯಬೇಕಲ್ಲ.

ಮೊದಲ ದಿನದಿಂದಲೇ ನಾನೊಂದು ಪದ್ಧತಿ ಇಟ್ಟುಕೊಂಡೆ. ಊದುವ ಮೊದಲು ಕೆಳಗಿರುವ ಒಬ್ಬೊಬ್ಬರ ಹೆಸರನ್ನೂ ಕೂಗುತ್ತೇನೆ. ಅವನು ಓಗೊಡಬೇಕು. ಎಲ್ಲರೂ ಓಗೊಟ್ಟ ಮೇಲೆಯೇ ಸೀಟಿ. ಗ್ಯಾಂಗಿನವರು ಗೇಲಿ ಮಾಡಿದರು. "ಹಾಜರಿ ತಗೋತಿದಾರಪ್ಪ ಮೇಷ್ಟ್ರು," "ಸಾರ್, ನಾಳೆ ರಜೆ ಬೇಕು ಸಾರ್." ಕ್ರೇನಿನವನು ಮೇಲಿನಿಂದ ಬೈದ. ಬೈಯಲಿ. ಹೆಸರು ಹಿಡಿದು ಕರೆಯದೆ ನಾನು ಊದುವುದಿಲ್ಲ.

ಗುಲ್‌ಮೊಹರ್ ಕೆಂಪಾಗಿದ್ದ ಒಂದು ಬೆಳಗ್ಗೆ ಎರಡನೇ ಡಾಕಿನಲ್ಲಿ ದೊಡ್ಡದೊಂದು ಹಲಗೆ ಇಳಿಸಬೇಕಿತ್ತು. ಅದು ನಮ್ಮ ತಲೆಯ ಮೇಲೆ ಗಾಳಿಗೆ ಮೆಲ್ಲನೆ ತಿರುಗುತ್ತ ನಿಂತಿತ್ತು. ಐದು ಹೆಸರು ಕೂಗಿದೆ, ಐದೂ ಓಗೊಟ್ಟವು. ಸೀಟಿಯನ್ನು ತುಟಿಗಿಟ್ಟು ಮತ್ತೊಮ್ಮೆ ಕೆಳಗೆ ನೋಡಿದೆ. ಕೊಂಡಿಗಳ ಪೆಟ್ಟಿಗೆಯನ್ನು ಎದೆಗವುಚಿಕೊಂಡು, ತಲೆ ತಗ್ಗಿಸಿ, ಹಲಗೆಯ ನೆರಳಿನೊಳಗೆ ಒಬ್ಬರು ನಡೆದು ಬರುತ್ತಿದ್ದರು. ನನ್ನ ಪಟ್ಟಿಯಲ್ಲಿಲ್ಲದವರು. ಸಾಮಾನು ಕೋಣೆಯಿಂದ ಯಾರಿಗೋ ಕೊಂಡಿ ಕೊಡಲು ಹೊರಟವರು. ನನಗೆ ನೆರಳಿನ ಕೆಳಗೆ ನಿಲ್ಲಬೇಡ ಎಂದು ಹೇಳಿಕೊಟ್ಟವರು.

ಮೇಲೆ ಕ್ರೇನಿನವನು ಕಾಯುತ್ತಿದ್ದ. ಐದು ಜನ ನನ್ನ ಮುಖ ನೋಡುತ್ತಿದ್ದರು. ಆ ನೆರಳಿನಲ್ಲಿದ್ದವರನ್ನು ಬರೀ ಹೆಸರು ಹಿಡಿದು ಕೂಗಲು ನನ್ನ ನಾಲಿಗೆಗೆ ಬರುವುದಿಲ್ಲ. ಹೋಯ್ ಎಂದರೆ ಆ ಗದ್ದಲದಲ್ಲಿ ಯಾರು ತಿರುಗುತ್ತಾರೆ? ಸೀಟಿ ತುಟಿಯಿಂದ ತೆಗೆದೆ.

"ಚಿಕ್ಕಪ್ಪಾ!"

ಅವರು ಗಕ್ಕನೆ ನಿಂತರು.

"ತಲೆ ಮೇಲೆ ಏನಿದೆ ನೋಡಿದ್ರಾ? ಸರೀರಿ ಆ ಕಡೆ! ಇನ್ನೂ! ಇನ್ನೂ ಆಚೆ!"

ಅವರು ತಲೆಯೆತ್ತಿ ಹಲಗೆಯನ್ನು ನೋಡಿದರು, ಆಮೇಲೆ ನನ್ನನ್ನು. ಪೆಟ್ಟಿಗೆಯನ್ನು ಹಿಡಿದುಕೊಂಡೇ ಹಿಂದೆ ಹಿಂದೆ ಹೆಜ್ಜೆಯಿಟ್ಟು, ಬಿಸಿಲಿಗೆ ಹೋಗಿ ನಿಂತರು. ನನ್ನ ಸಿಟ್ಟು ಹೋಗಿರಲಿಲ್ಲ, ಈಗಲೂ ಹೋಗಿಲ್ಲ.

ಮತ್ತೆ ಮೊದಲಿನಿಂದ ಹೆಸರು ಕೂಗಿದೆ. ಈ ಸಲ ಆರು. ಆರನೆಯವರು ಓಗೊಡುವವರೆಗೆ ಕಾದೆ. ಕೆಳಗೆ ನೋಡಿದೆ. ಆಮೇಲೆ ಊದಿದೆ.